ಮಾವ ಕತ್ತರಿಸಿದ ಕಲ್ಲು

ಸಂಜೆ ಕೆಲಸ ಮುಗಿಸಿ ಬಂದಾಗ ಮಾವನ ಕಣ್ಣಿನ ರೆಪ್ಪೆಗಳು ಬೆಳ್ಳಗಿರುತ್ತಿದ್ದವು. ಹುಬ್ಬು, ಮೂಗಿನ ಹೊಳ್ಳೆಯ ಅಂಚು, ಕಿವಿಯ ಸುರುಳಿ, ಎಲ್ಲದರ ಮೇಲೂ ಮೈದಾಹಿಟ್ಟಿನಂಥ ನುಣ್ಣನೆಯ ಪುಡಿ. ಇಟ್ಟಮಡುವಿನ ನಮ್ಮ ಮನೆಯ ಮುಂದಿನ ನಲ್ಲಿಯ ಹತ್ತಿರ ಅಂಗಿ ಬಿಚ್ಚಿ ಪಟಪಟನೆ ಕೊಡವುತ್ತಿದ್ದ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆಚೆ ರಸ್ತೇಲಿ ಕೊಡವಬಾರ್ದಾ?" ಎಂದು ಗೊಣಗುತ್ತಿದ್ದಳು. "ಲೇ, ಇದು ಫಾರಿನ್ ಪೌಡರ್ ಕಣೇ, ಬಿಟ್ಟಿ ಸಿಗ್ತಿದೆ" ಎಂದು ಮಾವ ನಗುತ್ತಿದ್ದ.

ಅವನು ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಕರೆತಂದು ತನ್ನ ಮನೆಯ ಮೇಲಿನ ಮಹಡಿಯಲ್ಲಿ ಇರಿಸಿದ್ದ. ಕೆಳಗೆ ಮಾವ, ಅತ್ತೆ, ಮತ್ತು ಇನ್ನೂ ಮದುವೆಯಾಗದ ಅವನ ತಮ್ಮ, ನನ್ನ ಚಿಕ್ಕಮಾವ. ನಾನು ಓದಿದ್ದು, ಜಯನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದದ್ದು, ಎಲ್ಲವೂ ಆ ಬಿಳಿ ಪುಡಿಯ ದುಡಿಮೆಯಿಂದಲೇ.

ತಲಘಟ್ಟಪುರದ ಹತ್ತಿರ ತಗಡಿನ ಮಾಡಿನ ಕೆಳಗೆ ಅವನ ವರ್ಕ್‌ಶಾಪು. ಮೊದಲು ಅಲ್ಲಿ ಗ್ರಾನೈಟ್ ಕತ್ತರಿಸುತ್ತಿದ್ದರು. ಆಮೇಲೆ ಅಪಾರ್ಟ್‌ಮೆಂಟಿನವರೆಲ್ಲ ಅಡುಗೆಮನೆಯ ಕಟ್ಟೆಗೆ ಕ್ವಾರ್ಟ್ಜ್ ಬೇಕೆಂದು ಕೇಳತೊಡಗಿದರು. ಅದು ನೆಲದಿಂದ ತೆಗೆದ ಕಲ್ಲಲ್ಲ. ಕಲ್ಲನ್ನು ಪುಡಿ ಮಾಡಿ, ಅಂಟು ಬೆರೆಸಿ, ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಚಪ್ಪಡಿ. ಕಲೆ ಹಿಡಿಯುವುದಿಲ್ಲ, ನೋಡಲು ಹಾಲಿನಂತೆ. ಮಾವ, ಅವನ ಪಾಲುದಾರ ಮತ್ತು ಚಿಕ್ಕಮಾವ ಮೂವರೂ ಸೇರಿ ಅದನ್ನು ಅಳತೆಗೆ ಕತ್ತರಿಸಿ, ಸಿಂಕಿಗೆ ತೂತು ತೆಗೆದು, ಅಂಚು ಉಜ್ಜಿ ಕೊಡುತ್ತಿದ್ದರು. ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡರೆ ಆಯಿತು.

ಕೆಲಸದ ಬಗ್ಗೆ ಮಾವನಿಗೆ ವಿಪರೀತ ಹೆಮ್ಮೆ. ನೆಂಟರ ಗೃಹಪ್ರವೇಶಕ್ಕೆ ಹೋದರೂ ದೇವರ ಕೋಣೆಗಿಂತ ಮೊದಲು ಅಡುಗೆಮನೆಗೆ ನುಗ್ಗುತ್ತಿದ್ದ. ಕಟ್ಟೆಯ ಅಡಿಗೆ ಹೆಬ್ಬೆರಳು ಹಾಕಿ ಅಂಚನ್ನು ಉದ್ದಕ್ಕೂ ಸವರುತ್ತಿದ್ದ. "ಮೇಲ್ಗಡೆ ಯಾರ್ ಬೇಕಾದ್ರೂ ಪಾಲಿಷ್ ಮಾಡ್ತಾರೆ ಪುಟ್ಟಿ. ಕಣ್ಣಿಗೆ ಕಾಣ್ದಿರೋ ಕಡೆ ಹೆಂಗ್ ಮಾಡಿದಾನೆ ನೋಡು" ಎನ್ನುತ್ತಿದ್ದ. ಬಿಟಿಎಂ ಲೇಔಟಿನ ಒಂದು ಮನೆಯಲ್ಲಿ ಊಟ ಬಡಿಸುವ ಹೊತ್ತಿಗೆ ಅವನು ಕಟ್ಟೆಯ ಕೆಳಗೆ ಅಂಗಾತ ಮಲಗಿದ್ದನ್ನು ಕಂಡು ಅತ್ತೆ ನಾಚಿಕೆಯಿಂದ ಆಚೆ ಹೋಗಿ ನಿಂತಿದ್ದಳು.

ಮೊದಲು ಹಾಸಿಗೆ ಹಿಡಿದವನು ಪಾಲುದಾರ. ಕೆಮ್ಮು, ಜ್ವರ, ಮೈ ಇಳಿದುಹೋಯಿತು. ಟಿ.ಬಿ. ಎಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಅವನು ಸತ್ತಾಗ ಎಲ್ಲರೂ ಬೀಡಿಯನ್ನು ಬೈದರು. ಮಾವನೂ ಬೈದ. ತಾನು ಬೀಡಿ ಸೇದುವವನಲ್ಲ ಎಂಬ ಧೈರ್ಯ ಅವನಿಗಿತ್ತು.

ಅದಾಗಿ ವರ್ಷವೂ ತುಂಬಿರಲಿಲ್ಲ. ನಮ್ಮ ಗ್ಯಾಸ್ ಸಿಲಿಂಡರನ್ನು ಯಾವಾಗಲೂ ಮಾವನೇ ಹೆಗಲ ಮೇಲಿಟ್ಟು ಒಂದೇ ಉಸಿರಿಗೆ ಮಹಡಿ ಹತ್ತಿಸುತ್ತಿದ್ದ. ಆ ದಿನ ಮಧ್ಯದ ತಿರುವಿನಲ್ಲಿ ಅದನ್ನು ಇಳಿಸಿ, ಗೋಡೆಗೆ ಕೈಕೊಟ್ಟು ನಿಂತ. ಬಾಯಿ ತೆರೆದಿತ್ತು. ಉಸಿರೆಳೆದಾಗಲೆಲ್ಲ ಕುತ್ತಿಗೆಯ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು.

"ಯಾಕ್ ಮಾವ?"

"ಏನಿಲ್ಲ. ಈ ಸಲ ಗ್ಯಾಸ್ ಜಾಸ್ತಿ ತುಂಬಿದಾರೆ" ಎಂದ. ನಾನು ನಗಲಿಲ್ಲ.

ಹತ್ತಿರದ ಕ್ಲಿನಿಕ್ಕಿನಲ್ಲಿ ಅಲರ್ಜಿ ಎಂದರು. ಇನ್ನೊಂದು ಕಡೆ ಅಸ್ತಮಾ ಎಂದರು. ಕೊನೆಗೆ ಒಂದು ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಮೂವತ್ತರ ಆಸುಪಾಸಿನ ಹೆಂಗಸು. ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದರು. ಸ್ಟೆತಸ್ಕೋಪು ಇಡುವ ಮೊದಲೇ ಮಾವನ ಉಗುರು, ಅಂಗೈ ನೋಡಿ ಕೇಳಿದರು: "ಏನ್ ಕೆಲಸ ಮಾಡ್ತೀರಿ?"

ಅಲ್ಲಿಯವರೆಗೆ ಯಾವ ವೈದ್ಯರೂ ಅದನ್ನು ಕೇಳಿರಲಿಲ್ಲ. ಮಾವ ಉತ್ಸಾಹದಿಂದ ಎಲ್ಲ ವಿವರಿಸಿದ.

"ನೀರು ಬಿಟ್ಕೊಂಡು ಕಟ್ ಮಾಡ್ತೀರಾ, ಒಣಗೇನಾ?"

"ವರ್ಕ್‌ಶಾಪಲ್ಲಿ ಒಂದೊಂದ್ಸಲ ನೀರು ಬಿಡ್ತೀವಿ ಮೇಡಂ. ಮನೆಗಳಲ್ಲಿ ಒಣಗೇ. ನೀರು ಬಿಟ್ರೆ ಗಲೀಜಾಗುತ್ತೆ ಅಂತ ಓನರ್‌ಗಳು ಬೈತಾರೆ."

ಸ್ಕ್ಯಾನ್ ಬಂದ ದಿನ ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಶ್ವಾಸಕೋಶದ ತುಂಬ ರಾಗಿಕಾಳಿನ ಗಾತ್ರದ ಬಿಳಿ ಚುಕ್ಕೆಗಳು. ಮೇಲ್ಭಾಗದಲ್ಲಿ ಅವು ಗಂಟುಗಟ್ಟಿಕೊಂಡಿದ್ದವು. ಸಿಲಿಕೋಸಿಸ್ ಎಂದರು. ಕಲ್ಲಿನ ಪುಡಿ ಒಳಗೆ ಹೋಗಿ ಶ್ವಾಸಕೋಶವನ್ನೇ ಗಟ್ಟಿಯಾಗಿಸುತ್ತದೆ, ಹೋದದ್ದನ್ನು ಹೊರಗೆ ತೆಗೆಯಲು ಔಷಧಿಯಿಲ್ಲ, ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಪಾಲುದಾರನಿಗೂ ಇದೇ ಆಗಿದ್ದಿರಬಹುದು; ಈ ಪುಡಿ ತುಂಬಿದ ಎದೆಗೆ ಟಿ.ಬಿ. ಬೇಗ ಅಂಟುತ್ತದೆ, ಎಷ್ಟೋ ಸಲ ಟಿ.ಬಿ. ಅಲ್ಲದಿದ್ದರೂ ಹಾಗೆಂದೇ ತಿಳಿಯುತ್ತಾರೆ ಎಂದರು. ಹಿಂದೆ ಗಣಿಯಲ್ಲಿ ಬಹಳ ವರ್ಷ ದುಡಿದವರಲ್ಲಿ ಕಾಣುತ್ತಿದ್ದದ್ದು ಈ ಹೊಸ ಕಲ್ಲು ಕತ್ತರಿಸುವವರಲ್ಲಿ ಕೆಲವೇ ವರ್ಷಕ್ಕೆ ಕಾಣುತ್ತಿದೆಯಂತೆ. ಗ್ರಾನೈಟಿಗಿಂತ ಇದರಲ್ಲಿ ಸಿಲಿಕಾ ಎಂಬ ಆ ಪುಡಿ ಎಷ್ಟೋ ಹೆಚ್ಚು. ಒಂದು ದೇಶದಲ್ಲಂತೂ ಈ ಕಲ್ಲನ್ನೇ ನಿಷೇಧಿಸಿದ್ದಾರಂತೆ.

ಮಾವ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿಸಿಕೊಂಡ. ಆಮೇಲೆ ಡಾಕ್ಟರು, "ನಿಮ್ ಜೊತೆ ಇನ್ಯಾರ್ ಕೆಲಸ ಮಾಡ್ತಾರೆ?" ಎಂದರು.

ಅವನ ತಲೆ ಆಡುವುದು ನಿಂತಿತು. "ನನ್ ತಮ್ಮ" ಎಂದ. ಆ ಹೊತ್ತಿನಲ್ಲಿ ಚಿಕ್ಕಮಾವ ಜೆಪಿ ನಗರದ ಯಾವುದೋ ಫ್ಲ್ಯಾಟಿನಲ್ಲಿ ಸಿಂಕಿಗೆ ತೂತು ತೆಗೆಯುತ್ತಿದ್ದ.

ಮಾವ ಅಲ್ಲಿಂದಲೇ ಫೋನು ಮಾಡಿದ. "ಮಿಷನ್ ಆಫ್ ಮಾಡು. ಹಂಗೇ ಬಿಟ್ಟು ಬಾ."

"ಅರ್ಧ ಕಟ್ ಮಾಡಿದೀನಿ ಕಣಣ್ಣ, ಮುಗಿಸ್ಕೊಂಡು ಬರ್ತೀನಿ."

"ಬಿಟ್ಟು ಬಾರೋ ಅಂದ್ರೆ!" ಕೂಗಿದ ರಭಸಕ್ಕೆ ಕೆಮ್ಮು ಹತ್ತಿ ಫೋನು ನನ್ನ ಕೈಗೆ ಬಂತು.

ಚಿಕ್ಕಮಾವನಿಗೆ ಕೆಮ್ಮಿರಲಿಲ್ಲ, ಆಯಾಸವಿರಲಿಲ್ಲ. ಭಾನುವಾರ ಕ್ರಿಕೆಟ್ ಆಡುತ್ತಿದ್ದ. ಸ್ಕ್ಯಾನಿಗೆ ಹೋಗುವಾಗಲೂ ಅಣ್ಣನನ್ನು ಗೇಲಿ ಮಾಡುತ್ತಲೇ ಇದ್ದ. ಅವನ ಎದೆಯಲ್ಲೂ ಚುಕ್ಕೆಗಳಿದ್ದವು. ಸಣ್ಣವು, ಚದುರಿದವು.

ಆ ವಾರವೇ ಮಾವ ವರ್ಕ್‌ಶಾಪಿಗೆ ಬೀಗ ಹಾಕಿದ. ಮಿಷನ್ ಕೊಳ್ಳಲು ಸುದ್ದಗುಂಟೆಪಾಳ್ಯದಿಂದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಬಂದ. ಮಾವ ಅವನಿಗೆ ತನ್ನ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದ. ಅವನು ಒಮ್ಮೆ ನೋಡಿ, "ನಮಗೇನ್ ಆಗಲ್ಲ ಬಿಡಿ ಅಣ್ಣ. ರೇಟ್ ಹೇಳಿ" ಎಂದ.

"ಮಾರಲ್ಲ."

"ನೀವ್ ಮಾರ್ದಿದ್ರೆ ಇನ್ನೊಂದ್ ಕಡೆ ತಗೋತೀನಿ, ಅಷ್ಟೇ ತಾನೇ?"

ಅವನು ಹೋದ ಮೇಲೆ ಮಾವ ಫಿಲ್ಮನ್ನು ಮತ್ತೆ ಕವರಿಗೆ ಸೇರಿಸಿದ. "ಸರಿಯಾಗೇ ಹೇಳ್ದ ಅವನು. ನಾನ್ ಒಂದ್ ಮಿಷನ್ ನಿಲ್ಸಿದ್ರೆ ಏನಾಯ್ತು?" ಎಂದ. ಮರುದಿನ ಡಾಕ್ಟರಿಗೆ ಫೋನು ಮಾಡಿಸಿ, ಕಲ್ಲು ಕತ್ತರಿಸುವವರನ್ನು ಕರೆತಂದರೆ ನೋಡುತ್ತೀರಾ ಎಂದು ಕೇಳಿದ. ಅವರು ತಾವೇ ಅಂಥವರನ್ನು ಹುಡುಕುತ್ತಿದ್ದರು. ಸ್ಕ್ಯಾನಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದರು.

ಅಲ್ಲಿಂದ ಮುಂದಿನದು ಮಾವನ ಎರಡನೆಯ ಕಸುಬು. ಕನಕಪುರ ರಸ್ತೆಯ ಒಂದೊಂದು ವರ್ಕ್‌ಶಾಪಿಗೂ ಆಟೋದಲ್ಲಿ ಹೋಗುತ್ತಿದ್ದ. ಕೆಲವು ಮಾಲೀಕರು ಟೀ ಕೊಟ್ಟರು. ಹೆಚ್ಚಿನವರು ಗೇಟಿನಲ್ಲೇ ತಡೆದರು. ಒಬ್ಬನಂತೂ, "ನಿನ್ ಎದೆ ಹಾಳಾಯ್ತು ಅಂತ ಎಲ್ಲರ ಹೊಟ್ಟೆ ಮೇಲೆ ಹೊಡೀತೀಯಾ?" ಎಂದು ತಳ್ಳಿದ. ಅಂಗಿಯ ತೋಳು ಹರಿದುಕೊಂಡು ಬಂದ ಮಾವ ಅತ್ತೆಗೆ ಗೇಟಿನ ಮೊಳೆ ತಗುಲಿತು ಎಂದು ಹೇಳಿದ.

ಆದರೂ ಒಬ್ಬೊಬ್ಬರಾಗಿ ಬಂದರು. ಅವರನ್ನು ಒಳಗೆ ಕಳಿಸಿ ಮಾವ ಸ್ಕ್ಯಾನಿನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ. ಬಾಗಿಲು ತೆರೆದಾಗಲೆಲ್ಲ ಹೊರಬರುವ ಮುಖವನ್ನೇ ನೋಡುತ್ತಿದ್ದ. ಹೆಚ್ಚಿನವರಿಗೆ ಏನೂ ನೋವಿರಲಿಲ್ಲ. ನಗುನಗುತ್ತ ಬಂದವರು ವಾರ ಕಳೆದು ಫಲಿತಾಂಶ ಕೇಳಿ ಹೊರಬಂದಾಗ ನಗುತ್ತಿರಲಿಲ್ಲ. "ಇವರಿಗೆಲ್ಲ ಹೇಳದೇ ಇದ್ದಿದ್ರೆ ಇನ್ನೊಂದಷ್ಟು ದಿನ ನೆಮ್ಮದಿಯಾಗಿರೋರು, ಅಲ್ವಾ ಪುಟ್ಟಿ?" ಎಂದು ಒಮ್ಮೆ ಕೇಳಿದ.

ಕೊನೆಯ ತಿಂಗಳುಗಳಲ್ಲಿ ಆಕ್ಸಿಜನ್ ಮಿಷನ್ ಮನೆಗೆ ಬಂತು. ಊಟದ ತುತ್ತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಉಸಿರೆಳೆಯುತ್ತಿದ್ದ. ಮಾತು ಎರಡೆರಡು ಪದಕ್ಕೆ ಇಳಿಯಿತು. ಆಗಲೂ ಫೋನಿನಲ್ಲಿ ಯಾರನ್ನೋ, "ಹೋದ್ಯಾ? ತೋರಿಸಿದ್ಯಾ?" ಎಂದು ಕೇಳುತ್ತಿದ್ದ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಅತ್ತೆ ಕೆಳಗಿನಿಂದ ಕೂಗಿದಳು. ನಾನು ಇಳಿದು ಹೋಗುವಷ್ಟರಲ್ಲಿ ಮಾವನ ಎದೆಯ ಏರಿಳಿತ ನಿಂತಿತ್ತು. ಮಿಷನ್ ಇನ್ನೂ ಗಾಳಿ ಕೊಡುತ್ತಿತ್ತು.

ಚಿಕ್ಕಮಾವ ಈಗ ಆಟೋ ಓಡಿಸುತ್ತಾನೆ. ಕಳೆದ ಸಲದ ಸ್ಕ್ಯಾನಿನಲ್ಲಿ ಚುಕ್ಕೆಗಳು ಸ್ವಲ್ಪ ಹೆಚ್ಚಾಗಿವೆ ಎಂದರು. "ಅಣ್ಣ ಎಳ್ಕೊಂಡ್ ಬರದೇ ಇದ್ದಿದ್ರೆ ಇಷ್ಟೊತ್ತಿಗೆ ನಾನೂ ಇರ್ತಿರ್ಲಿಲ್ಲ" ಎನ್ನುತ್ತಾನೆ. ಅದರಿಂದ ಎಷ್ಟು ವರ್ಷ ಹೆಚ್ಚು ಸಿಕ್ಕಿತೋ ಅವನಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಹೋದ ವಾರ ನಮ್ಮ ರಸ್ತೆಯ ತುದಿಯ ಹೊಸ ಕಟ್ಟಡದಿಂದ ಕಲ್ಲು ಕತ್ತರಿಸುವ ಸದ್ದು ಬಂತು. ಮೂರನೆಯ ಮಹಡಿಯ ಕಿಟಕಿಯಿಂದ ಬಿಳಿ ಹೊಗೆಯಂಥದ್ದು ಹೊರಳಿ ಬರುತ್ತಿತ್ತು. ನನ್ನನ್ನು ಕೂರಿಸಿಕೊಂಡು ಬರುತ್ತಿದ್ದ ಚಿಕ್ಕಮಾವ ಆಟೋ ನಿಲ್ಲಿಸಿ ಒಳಗೆ ಹೋದ. ನಾನು ಕೆಳಗೆ ಕಾದೆ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಇಬ್ಬರು ಅವನ ಜೊತೆ ಇಳಿದು ಬಂದರು. ಒಬ್ಬ ಮುಖ ಒರೆಸಿಕೊಳ್ಳುತ್ತ, "ಎಷ್ಟೊತ್ತಾಗುತ್ತೆ ಅಕ್ಕ? ಮೇಸ್ತ್ರಿ ಬೈತಾರೆ" ಎಂದ. ಅವರ ಜೊತೆ ಮೇಲೆ ಕೆಲಸ ಮಾಡುತ್ತಿದ್ದ ಮೂರನೆಯವನು ಬರಲಿಲ್ಲ. ನಾವು ಆಟೋ ಹತ್ತಿ ಆಸ್ಪತ್ರೆಯ ಕಡೆ ತಿರುಗುವಾಗ ಮೇಲೆ ಬ್ಲೇಡು ಮತ್ತೆ ಕೂಗತೊಡಗಿತು.