ಗಂಟೆಯಕ್ಕನ ಕೊನೆಯ ಮೂರು ಕ್ರೆಡಿಟ್

ಮಂಜು ಇನ್ನೂ ಹುಲ್ಲಿನ ಮೇಲೆ ಮಲಗಿದೆ. ವಿಶ್ವವಿದ್ಯಾಲಯದ ಕಟ್ಟಡಗಳು ಕಣ್ಣು ಬಿಟ್ಟಿಲ್ಲ. ಭೂಗೋಳ ವಿಭಾಗದ ಹಳೆಯ ಕಟ್ಟಡದ ನೆತ್ತಿಯಲ್ಲಿ ಒಂದು ಪುಟ್ಟ ಕೋಣೆ. ಅದರ ಬಾಗಿಲನ್ನು ಒಬ್ಬ ಹೆಂಗಸು ಭುಜ ಕೊಟ್ಟು ತಳ್ಳುತ್ತಾರೆ. ಒಳಗೆ ಕಂಚಿನ ಗಂಟೆ, ಅದರ ನಾಲಿಗೆಗೆ ಕಟ್ಟಿದ ಹಗ್ಗ, ಮೂಲೆಯಲ್ಲಿ ಒಂದು ಸ್ಟೂಲು. ಅವರು ಬಟ್ಟೆಯಿಂದ ಗಂಟೆಯ ಮೇಲಿನ ಇಬ್ಬನಿ ಒರೆಸುತ್ತಾರೆ. ಒದ್ದೆಯಾದರೆ ಅದಕ್ಕೆ ಗಂಟಲು ಕಟ್ಟುತ್ತದಂತೆ. ಹಗ್ಗವನ್ನು ಕೈಯಿಂದ ಸವರಿ ನೋಡಿ, ಎಳೆ ಬಿಟ್ಟ ಕಡೆ ಗಂಟು ಬಿಗಿಯುತ್ತಾರೆ. ಆದರೆ ಬಾರಿಸುವುದಿಲ್ಲ. ಬಾಗಿಲು ಮುಚ್ಚಿ, ಮೆಟ್ಟಿಲಿಳಿದು, ಚೀಲ ಹೆಗಲಿಗೇರಿಸಿ ಮಂಜಿನೊಳಗೆ ನಡೆದುಬಿಡುತ್ತಾರೆ. ದಿನದ ಮೊದಲ ಗಂಟೆ ಬಾರಿಸುವ ಮುನ್ನ ಅವರಿಗೆ ಒಂದು ಪಾಠ ಕೇಳುವುದಿದೆ.

ಇಲ್ಲಿ ಎಲ್ಲರೂ ಅವರನ್ನು ಗಂಟೆಯಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಪ್ರಾಧ್ಯಾಪಕರಿಗೂ ಅವರು ಅಕ್ಕನೇ. ಕೆಲಸಕ್ಕೆ ಸೇರಿದಾಗ ಮಗಳು ಹೊಟ್ಟೆಯಲ್ಲಿದ್ದಳು, ಈಗ ಆ ಮಗಳು ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೆ ಒಂಬತ್ತು ಸಲ ಮೇಲೆ ಹತ್ತಿ ಹಗ್ಗ ಎಳೆಯುವುದು, ಒಂಬತ್ತು ಸಲ ಇಳಿಯುವುದು, ನಡುವೆ ಕೋಣೆಗಳ ಬೀಗ, ಸೀಮೆಸುಣ್ಣ, ಡಸ್ಟರು. ಎಲ್ಲರ ಜೇಬಿನಲ್ಲೂ ಸಮಯ ತೋರಿಸುವ ಫೋನಿದೆ. ಆದರೂ ಅಕ್ಕ ಬಾರಿಸುವ ತನಕ ಮೇಷ್ಟ್ರು ಪುಸ್ತಕ ಮುಚ್ಚುವುದಿಲ್ಲ, ಹುಡುಗರು ಜಾಗ ಬಿಟ್ಟು ಏಳುವುದಿಲ್ಲ. ಅದು ಇಲ್ಲಿನ ರೂಢಿ.

ಅವರು ಕಾಲೇಜಿನ ಮುಖ ನೋಡಿದ್ದು ಬಾಗಿಲ ಹೊರಗಿನಿಂದಲೇ. ಶಾಲೆಯಲ್ಲೇ ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ಮದುವೆ, ಕೆಲಸ, ಮಗು. ಎಂಟು ವರ್ಷದ ಹಿಂದೆ ಒಂದು ದಿನ ಕಚೇರಿಯ ಗುಮಾಸ್ತರೊಬ್ಬರು ಹೊಸ ವಿದ್ಯಾರ್ಥಿಗಳಿಗೆ ಕ್ರೆಡಿಟ್ ಎಂದರೇನು ಎಂದು ಬಿಡಿಸಿ ಹೇಳುತ್ತಿದ್ದರು. ವಾರಕ್ಕೆ ಒಂದು ಗಂಟೆಯಂತೆ ಇಡೀ ಸೆಮಿಸ್ಟರ್ ಪಾಠ ಕೇಳಿದರೆ ಒಂದು ಕ್ರೆಡಿಟ್. ಅಂಥವು ನೂರಿಪ್ಪತ್ತು ಕೂಡಿದರೆ ಒಂದು ಪದವಿ. ಅಕ್ಕ ಬೀಗದ ಕೈ ಕೊಡಲು ಹೋದವರು ನಿಂತು ಕೇಳಿದರು. ನಮ್ಮ ಭಾಷೆಯಲ್ಲಿ ಬಾರಿಸುವುದೂ ಗಂಟೆ, ಕಳೆಯುವುದೂ ಗಂಟೆ.

“ಅಷ್ಟೂ ಗಂಟೆ ಹೊಡೆಯೋಳು ನಾನೇ ಅಲ್ವಾ ಅನ್ನಿಸ್ತು ಸಾರ್,” ಎಂದು, ಅವರ ಕಥೆ ಬರೆಯಲು ಬಂದ ನನಗೆ ಹೇಳುತ್ತಾರೆ. “ಊರಿಗೆಲ್ಲ ಹಂಚಿದ್ದೀನಿ, ನನಗೂ ಒಂದಿಷ್ಟು ಇಟ್ಕೊಳ್ಳೋಣ ಅಂತ ಹೆಸರು ಬರೆಸಿದೆ.”

ಕೆಲಸದಲ್ಲಿದ್ದುಕೊಂಡು ಓದುವವರಿಗೆ ಇಲ್ಲಿ ಒಂದು ಅನುಕೂಲವಿದೆ: ಕ್ರೆಡಿಟ್ಟುಗಳನ್ನು ನಿಧಾನವಾಗಿ ಕೂಡಿಸಿಕೊಳ್ಳಬಹುದು. ಉಳಿದವರು ಸೆಮಿಸ್ಟರಿಗೆ ಇಪ್ಪತ್ತರಂತೆ ಮೂರು ವರ್ಷದಲ್ಲಿ ಮುಗಿಸುವುದನ್ನು ಅಕ್ಕ ಸೆಮಿಸ್ಟರಿಗೆ ಏಳೋ ಎಂಟೋ ಕ್ರೆಡಿಟ್ಟಿನಂತೆ ಮಾಡುತ್ತ ಬಂದರು. ವಿಷಯ ಆರಿಸಿಕೊಂಡ ರೀತಿಯಂತೂ ಕೇಳಲು ಚೆನ್ನ. ಭೂಗೋಳದ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಗಂಟೆಯ ಕೆಳಗೆ ಇರುವುದು ಭೂಗೋಳ ವಿಭಾಗ, ಅಷ್ಟೇ. “ಕೆಳಗೆ ಗಣಿತ ಇದ್ದಿದ್ರೆ ಸತ್ತೇ ಹೋಗ್ತಿದ್ದೆ,” ಎಂದು ನಗುತ್ತಾರೆ. ಪಾಠ ಮುಗಿಯಲು ಎರಡು ನಿಮಿಷವಿರುವಾಗ ಎದ್ದು ಮೆಟ್ಟಿಲು ಹತ್ತುತ್ತಿದ್ದರು. ನಕ್ಷೆ ಬಿಡಿಸುವ ಪ್ರಾಯೋಗಿಕ ತರಗತಿಯಲ್ಲಿ ಎರಡು ಗಂಟೆ ಕೂತರೆ ಒಂದೇ ಕ್ರೆಡಿಟ್. “ಕೈಯಲ್ಲಿ ಮಾಡೋ ಕೆಲಸಕ್ಕೆ ಎಲ್ಲಾ ಕಡೆ ಅರ್ಧ ಬೆಲೆ ತಾನೇ?” ಎನ್ನುತ್ತಾರೆ. ದೂರಿನ ದನಿಯಲ್ಲಿ ಅಲ್ಲ.

ಪರೀಕ್ಷೆಗಳೂ ಅದೇ ಕಟ್ಟಡದಲ್ಲಿ. ಅಲ್ಲೂ ಅವರೇ ಮೊದಲು ಪೆನ್ನು ಮುಚ್ಚಿ, ಉತ್ತರಪತ್ರಿಕೆ ಒಪ್ಪಿಸಿ, ಮೇಲೆ ಹೋಗಿ, ತಮ್ಮ ಪರೀಕ್ಷೆಯನ್ನು ತಾವೇ ಮುಗಿಸುತ್ತಿದ್ದರು.

ಹೀಗೆ ನೂರಾ ಹದಿನೇಳು ಕೂಡಿದವು. ಉಳಿದ ಮೂರು ಕಾಲಿಗೆ ತೊಡರಿಕೊಂಡವು. ಪದವಿಯ ನಿಯಮದಲ್ಲಿ ಕಡ್ಡಾಯ ವಿಷಯಗಳ ಜೊತೆಗೆ ಮುಕ್ತ ಐಚ್ಛಿಕ ಎಂಬುದೊಂದಿದೆ. ಅದನ್ನು ತಮ್ಮದಲ್ಲದ ಬೇರೆ ವಿಭಾಗದಲ್ಲೇ ಓದಬೇಕು. ಒಂದೇ ಕಿಟಕಿಯಿಂದ ಲೋಕ ನೋಡಬಾರದು ಎಂಬ ಒಳ್ಳೆಯ ಉದ್ದೇಶ. ಅಕ್ಕನಿಗೆ ಮಾತ್ರ ಬೇರೆ ವಿಭಾಗವೆಂದರೆ ಬೇರೆ ಕಟ್ಟಡ, ಬೇರೆ ಕಟ್ಟಡವೆಂದರೆ ಗಂಟೆಯಿಂದ ದೂರ. ಪ್ರತಿ ಸೆಮಿಸ್ಟರಿನಲ್ಲೂ ಮುಂದಿನ ಸಲ ನೋಡೋಣ ಎಂದು ತಳ್ಳುತ್ತ ಬಂದರು. ಹೆಸರು ಬರೆಸಿದ ಎಂಟು ವರ್ಷದೊಳಗೆ ಮುಗಿಸದಿದ್ದರೆ ಗಳಿಸಿದ್ದೆಲ್ಲ ರದ್ದು. ಇದು ಎಂಟನೆಯ ವರ್ಷದ ಕೊನೆಯ ಸೆಮಿಸ್ಟರ್.

ಇದ್ದುದರಲ್ಲಿ ಹತ್ತಿರ ಎಂದರೆ ಮನಶ್ಶಾಸ್ತ್ರ ವಿಭಾಗ. ಕೊಳ ಸುತ್ತಿ, ಹುಲ್ಲುಹಾಸು ದಾಟಿ ಹೋಗಬೇಕು. ಅಲ್ಲಿ ಬೆಳಗಿನ ಮೊದಲ ತರಗತಿ ‘ನಿದ್ರೆ ಮತ್ತು ಕನಸು’, ಮೂರು ಕ್ರೆಡಿಟ್. ಅಕ್ಕನ ಯಜಮಾನರು ಇದೇ ವಿಶ್ವವಿದ್ಯಾಲಯದ ತೋಟದ ಮಾಲಿ. ಅವರ ಪ್ರತಿಕ್ರಿಯೆ ಹೀಗಿತ್ತಂತೆ: “ನಿದ್ದೆಗೂ ಕ್ರೆಡಿಟ್ ಕೊಡ್ತಾರೇನೇ? ಹಾಗಾದ್ರೆ ನನಗೆ ಎರಡು ಡಿಗ್ರಿ ಬರ್ಬೇಕಲ್ಲ.”

ಮೊದಲ ಗಂಟೆ ಬಾರಿಸಿ ಓಡಿದರೂ ಹತ್ತು ನಿಮಿಷ ತಡ, ಮುಂದಿನ ಗಂಟೆಗಾಗಿ ಹತ್ತು ನಿಮಿಷ ಮೊದಲೇ ಹೊರಡಬೇಕು. ಎರಡನೆಯ ವಾರ ಒಂದು ದಿನ ಅವರು ಹೊರಡಲಿಲ್ಲ. ಕನಸಿನೊಳಗೆ ಇರುವವರಿಗೆ ಹೊತ್ತು ಹೋದದ್ದು ಏಕೆ ತಿಳಿಯುವುದಿಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರು. ಅಕ್ಕ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ಗಂಟೆ ಬಾರಿಸಲಿಲ್ಲ. ಯಾರೂ ಏಳಲಿಲ್ಲ. ಆಚೆಯ ಕಟ್ಟಡಗಳಲ್ಲೂ ಮೇಷ್ಟ್ರುಗಳು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು, ಮಕ್ಕಳು ಕಿಟಕಿಯಾಚೆಯ ಮೋಡ ನೋಡಿದರು. ಫೋನು ನೋಡಿದವರೂ ಕೂತೇ ಇದ್ದರು. ಆ ಹೊತ್ತು ತುಂಬ ಹಿತವಾಗಿತ್ತು ಎಂದು ಇಂದಿಗೂ ನೆನೆಯುವವರಿದ್ದಾರೆ. ನಾನು ಅಲ್ಲಿರಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆಕಿಚ್ಚು.

ಕುಲಸಚಿವರಿಗೆ ಹಾಗನ್ನಿಸಲಿಲ್ಲ. ಮತ್ತೊಮ್ಮೆ ಹೀಗಾದರೆ ಗಂಟೆ ಬೇರೆಯವರ ಕೈಗೆ ಎಂದರು. ಅದೇ ವಾರ ಮೇಷ್ಟ್ರೂ ಕರೆದು, “ನೋಡಮ್ಮ, ತಡವಾಗಿ ಬಂದು ಬೇಗ ಎದ್ದು ಹೋದರೆ ನಿಯಮದ ಪ್ರಕಾರ ಅದು ಗೈರುಹಾಜರಿ. ಹಾಜರಿ ಕಡಿಮೆಯಾದ್ರೆ ಪರೀಕ್ಷೆಗೆ ಕೂರಿಸೋಕಾಗಲ್ಲ. ನನಗೂ ಬೇಜಾರೇ,” ಎಂದರು. ಕೆಲಸವೋ ಕ್ರೆಡಿಟ್ಟೋ ಎಂದಾದಾಗ ಯೋಚಿಸುವುದೇನಿತ್ತು? ಅಕ್ಕ ತರಗತಿಯಲ್ಲಿ ಎದ್ದು ನಿಂತು, ನಾಳೆಯಿಂದ ಬರುವುದಿಲ್ಲ ಎಂದು ಹೇಳಿದರು.

ಆಗ ಕೊನೆಯ ಬೆಂಚಿನಲ್ಲಿ ದಿನಾ ತಲೆಯಿಟ್ಟು ಮಲಗುತ್ತಿದ್ದ ಹುಡುಗಿ ಕಣ್ಣುಜ್ಜಿಕೊಂಡು, “ಪಾಠಾನೇ ಮೊದಲ ಗಂಟೆಗಿಂತ ಮುಂಚೆ ಇಟ್ಕೊಂಡ್ರೆ ಆಗಲ್ವಾ ಸಾರ್?” ಎಂದಳು. ಇನ್ನೂ ಮುಂಚೆ ಏಳುವುದು ಯಾರಿಗೂ ಬೇಕಿರಲಿಲ್ಲ. ಗೊಣಗಾಟ ಎದ್ದಿತು, ಸ್ವಲ್ಪ ಹೊತ್ತಿಗೆ ತಣ್ಣಗಾಯಿತು. ಒಂದೊಂದಾಗಿ ಕೈಗಳು ಮೇಲೆದ್ದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ, “ನಿದ್ರೆ ಎಷ್ಟು ಮುಖ್ಯ ಅಂತ ಇಷ್ಟು ದಿನ ಕೊರೆದದ್ದಕ್ಕೆ ಇದೇನಾ ಫಲ?” ಎಂದರಂತೆ. ಅಕ್ಕ ಇದನ್ನು ಹೇಳುವಾಗ ಪ್ರತಿ ಸಲವೂ ದನಿ ಸಣ್ಣದಾಗುತ್ತದೆ.

ಅದಕ್ಕೇ ಈ ಮಂಜಿನ ನಡಿಗೆ. ಹುಲ್ಲುಹಾಸಿನ ನಡುವೆ ಅಕ್ಕನ ಪಾದದ ಅಗಲಕ್ಕೆ ಒಂದು ಗೆರೆ ಸವೆದಿದೆ. ಹುಲ್ಲು ತುಳಿದವರ ಜನ್ಮ ಜಾಲಾಡುವ ಯಜಮಾನರು ಅಲ್ಲಿ ಮತ್ತೆ ಹುಲ್ಲು ನೆಟ್ಟಿಲ್ಲ. ಕೇಳಿದರೆ, “ಆ ಜಾಗದಲ್ಲಿ ಬೇರು ಹಿಡಿಯಲ್ಲ ಬಿಡಿ,” ಎಂದು ನೀರಿನ ಪೈಪು ಎಳೆದುಕೊಂಡು ಆಚೆ ಹೋಗುತ್ತಾರೆ. ತರಗತಿಯಲ್ಲಿ ಆಕಳಿಕೆ ಒಬ್ಬರಿಂದೊಬ್ಬರಿಗೆ ಸಾಗುತ್ತಿದೆ. ಯಾವ ಗಂಟೆಗೂ ಶುರುವಾಗದ, ಯಾವ ಗಂಟೆಗೂ ಮುಗಿಯದ ಪಾಠ ಅದೊಂದೇ. ಮೇಷ್ಟ್ರು ನಿಲ್ಲಿಸಿದಾಗ ಅಕ್ಕ ಎದ್ದು ಅದೇ ಗೆರೆಯ ಮೇಲೆ ವಾಪಸ್ಸು ನಡೆಯುತ್ತಾರೆ. ಹಿಂದೆ ಹಿಂದೆ ನಾನೂ. ಅಷ್ಟರಲ್ಲಿ ಮಂಜು ಕೊಳದ ಕಡೆಗೆ ಸರಿದಿರುತ್ತದೆ.

ಹಾಜರಿ ಸಾಕಷ್ಟಾಗಿದೆ. ಮುಂದಿನ ವಾರ ಪರೀಕ್ಷೆ, ಅದೂ ಮನಶ್ಶಾಸ್ತ್ರದ ಕಟ್ಟಡದಲ್ಲಿ. ಅದನ್ನು ಆರಂಭಿಸುವುದೂ ಮುಗಿಸುವುದೂ ಗಂಟೆಯೇ. ಅಂದು ಅಕ್ಕನಿಗೆ ರಜೆ. ಹಗ್ಗ ಎಳೆಯಲು ಕುಲಸಚಿವರು ಒಪ್ಪಿಗೆ ಕೊಟ್ಟಿರುವುದು ಮಾಲಿಗೆ. ಸಂಜೆ ಎಲ್ಲ ಹೋದ ಮೇಲೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಅಭ್ಯಾಸ ನಡೆದಿದೆ. “ಹಗ್ಗ ಹಿಡಿದ್ರೆ ಪೈಪು ಹಿಡಿದ ಹಾಗೆ ಹಿಡೀತಾರೆ,” ಎಂದು ಅಕ್ಕ ಆಡಿಕೊಳ್ಳುತ್ತಾರೆ. “ಪ್ರೀತಿಗೆ ಅಂತ ಐದು ನಿಮಿಷ ತಡವಾಗಿ ಹೊಡೀಬೇಡ್ರೀ, ಎಲ್ಲರ ಪರೀಕ್ಷೆ ಅದು ಅಂತ ಹೇಳಿಟ್ಟಿದ್ದೀನಿ.”

ಪಾಸಾದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಏನಿಲ್ಲ, ಮಾರನೆಯ ದಿನ ಬಂದು ಗಂಟೆ ಒರೆಸುತ್ತಾರಂತೆ. ಫೇಲಾದರೆ? ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಕಿಂಡಿಯಾಚೆಯ ಹುಲ್ಲುಹಾಸಿನ ಗೆರೆಯನ್ನು ನೋಡುತ್ತ ನಿಲ್ಲುತ್ತಾರೆ. ಮೊದಲ ಗಂಟೆಗೆ ಇನ್ನೂ ಒಂದು ನಿಮಿಷವಿದೆ.

“ಒಂದು ಆಸೆ ಇದೆ ಸಾರ್,” ಎನ್ನುತ್ತಾರೆ. “ಆ ದಿನ ಗಂಟೆ ಹೊಡೆದ ಮೇಲೂ ನಾನು ಬರೀತಾನೇ ಇರಬೇಕು. ಮೇಲ್ವಿಚಾರಕರು ಹತ್ತಿರ ಬಂದು ಪೇಪರ್ ಕಿತ್ಕೋಬೇಕು. ‘ಸಾಕಮ್ಮ, ಗಂಟೆ ಆಯ್ತು’ ಅಂತ ಒಂದ್ಸಲ ಯಾರಾದ್ರೂ ನನಗೆ ಹೇಳ್ಬೇಕು.”