ನಾನು ಬಿಳಿ ಬಳಿದ ಗ್ರೀಕ್ ಗುಡಿ

ಆ ಶನಿವಾರ ಮಗಳ ಶಾಲೆಯಲ್ಲಿ ನನಗಾದ ಆಘಾತ ಇನ್ನೂ ಇಳಿದಿಲ್ಲ. ಯಾರೋ ಏನೋ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ನನ್ನ ಕೈಯ ಕೆಲಸ.

ಹನ್ನೆರಡು ವರ್ಷದ ಅವಳಿಗೆ ಗ್ರೀಕ್ ದೇವಾಲಯದ ಮಾದರಿ ಮಾಡುವ ಪ್ರಾಜೆಕ್ಟ್ ಕೊಟ್ಟಿದ್ದರು. ಸಿಂಗಪುರದ ಉಬಿ ಬಡಾವಣೆಯ ವರ್ಕ್‌ಶಾಪೊಂದರಿಂದ ನಾನೇ ಥರ್ಮೋಕೋಲ್ ತಂದುಕೊಟ್ಟೆ. ಎರಡು ದಿನ ಕೂತು ಕಂಬ ಕೊರೆದಳು. ಮೂರನೆಯ ದಿನ ನೋಡಿದರೆ ಕಂಬಗಳ ಮೇಲೆಲ್ಲ ಕೆಂಪು, ನೀಲಿ, ಚಿನ್ನದ ಬಣ್ಣ! ನನ್ನ ಪಿತ್ತ ನೆತ್ತಿಗೇರಿತು.

“ಏನೇ ಇದು? ಗ್ರೀಕ್ ಟೆಂಪಲ್ಲಾ, ಸೆರಂಗೂನ್ ರೋಡ್ ದೇವಸ್ಥಾನದ ಗೋಪುರಾನಾ?”

“ಗ್ರೀಕರೂ ಪೇಂಟ್ ಮಾಡ್ತಿದ್ರು ಅಪ್ಪ. ನಾನು ಓದಿದೀನಿ.”

“ಇಪ್ಪತ್ತು ವರ್ಷದಿಂದ ಬಿಲ್ಡಿಂಗ್ ಡಿಸೈನ್ ಮಾಡ್ತಿದೀನಿ. ನಂಗೇ ಹೇಳ್ಕೊಡ್ತೀಯಾ?”

ನಿಜ ಹೇಳುತ್ತೇನೆ: ತಂಜಾಂಗ್ ಪಗಾರ್‌ನ ಆಫೀಸಿನ ಸಹೋದ್ಯೋಗಿಗಳ ಮುಂದೆ ನನಗೆ ನಮ್ಮ ಗೋಪುರಗಳ ಬಣ್ಣದ ಬಗ್ಗೆ ನಾಚಿಕೆಯಿತ್ತು. ಗ್ರೀಕರ ಬಿಳಿ ಕಂಬ ರೋಮಿಗೆ ಹೋಗಿ, ಯುರೋಪೆಲ್ಲ ಸುತ್ತಿ, ಬ್ರಿಟಿಷರ ಜೊತೆ ಸಿಂಗಪುರಕ್ಕೂ ಬಂದ ಕಥೆಯನ್ನು ಅವಳಿಗೆ ಅರ್ಧ ಗಂಟೆ ಕೊರೆದೆ. ಆಮೇಲೆ ನಾನೇ ಬ್ರಷ್ ಹಿಡಿದು ಎಲ್ಲಕ್ಕೂ ಬಿಳಿ ಬಳಿದೆ. ಅವಳು ಕೆಳಗೆ ಪೇಪರ್ ಹಾಸಿಕೊಟ್ಟಳು.

ಶನಿವಾರ ಪ್ರದರ್ಶನದಲ್ಲಿ ಟೀಚರ್ ಕೇಳಿದರು, ಬಿಳಿಯೇ ಯಾಕೆ ಎಂದು. ನನ್ನ ತಂದೆ ಇಂಜಿನಿಯರ್, ಅವರಿಗೆ ಚೆನ್ನಾಗಿ ಗೊತ್ತು ಎಂದಳು ಮಗಳು. ಟೀಚರ್ ಟ್ಯಾಬ್‌ನಲ್ಲಿ ಒಂದು ಫೋಟೋ ತೋರಿಸಿದರು. ಹಳೆಯ ಗ್ರೀಕ್ ಕಲ್ಲಿನ ಸಂದಿಯಲ್ಲಿ ಕೆಂಪು, ನೀಲಿ ಇನ್ನೂ ಅಂಟಿಕೊಂಡಿತ್ತು. ಮಳೆ ಬಿಸಿಲಿಗೆ ಬಣ್ಣ ಹೋದ ಮೇಲೆ ಉಳಿದ ಬೋಳು ಕಲ್ಲನ್ನೇ ಮುಂದಿನವರು ಅಸಲಿ ಎಂದು ನಂಬಿ ನಕಲು ಮಾಡಿದರಂತೆ. ಇವಳು ಸರಿಯಾಗಿಯೇ ಮಾಡಿದ್ದಳು, ಕೆಡಿಸಿದವನು ನಾನು ಎಂದು ಅಲ್ಲೇ ಹೇಳಬಹುದಿತ್ತು. “ಇಂಟರೆಸ್ಟಿಂಗ್” ಎಂದೆ, ದೇಶಾವರಿ ನಗೆ ನಕ್ಕೆ. ಅವಳ ಮಾರ್ಕ್ಸ್ ಹಾಳೆಯಲ್ಲಿ ಟೀಚರ್ ಏನೋ ಗೀಚಿಕೊಂಡರು.

ಮನೆಗೆ ಹಿಂತಿರುಗುವಾಗ ಎಂಆರ್‌ಟಿ ರೈಲು ಕಲ್ಲಾಂಗ್ ಸ್ಟೇಷನ್ ದಾಟಿತು. ಕಡೆಗೆ ನಾನೇ ಕೇಳಿದೆ, “ನೀನು ಮೊದ್ಲು ಕಲರ್ ಹಾಕಿದ್ದೆ ಅಂತ ಮಿಸ್‌ಗೆ ಯಾಕೆ ಹೇಳ್ಲಿಲ್ಲ?”

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಹೇಳಿದ್ರೆ ಎಲ್ಲರ ಮುಂದೆ ನಿಂಗೆ ಅವಮಾನ ಆಗ್ತಿತ್ತು, ಅಪ್ಪ.”