ನಲವತ್ತೊಂದನೇ ಕಲ್ಲಿನ ಊರು

ಬೆಳಗಿನ ಮಂಜು ಇನ್ನೂ ಹರಿದಿಲ್ಲ. ಮಖೊಂಜ್ವಾ ಬೆಟ್ಟದ ಕಾಲುದಾರಿಯಲ್ಲಿ ಲೊಮಸೊಂಟೊ ಶೊಂಗ್ವೆ ಬಂಡೆಯೊಂದರ ಮೇಲೆ ಉಗುಳುತ್ತಾರೆ. ಮಡಿಲಿನಿಂದ ಅರ್ಧ ಕಲ್ಲು ತೆಗೆದು ಅದಕ್ಕೂ ಉಗುಳಿ, ಎರಡರ ಒದ್ದೆ ಬಣ್ಣವನ್ನೂ ಹೋಲಿಸಿ ನೋಡುತ್ತಾರೆ.

"ಇದಲ್ಲ."

ಮತ್ತೆ ನಡಿಗೆ. ಹಾಡೊಂದನ್ನು ಗುನುಗುತ್ತಾರೆ, ಅರ್ಧಕ್ಕೇ ಬಿಡುತ್ತಾರೆ. ಇದು ಹುಡುಕಾಟದ ಹದಿನೆಂಟನೇ ಬೆಳಗು.

ಐವತ್ತೊಂಬತ್ತರ ಈ ತಾಯಿ ಬಾರ್ಬರ್ಟನ್ ಊರಂಚಿನ ಪುಟ್ಟ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕಲ್ಲು ಕರಗಿಸುತ್ತಿದ್ದಾರೆ, ಒಳಗೆ ಉಳಿದಿರಬಹುದಾದ ಹಳೆಯ ಜೀವದ ಗುರುತಿಗಾಗಿ. ಹಿಡಿ ಪುಡಿ, ಮೂರು ದಿನ ಆಮ್ಲ, ಹದಿನಾಲ್ಕು ತೊಳೆತ. ಕೊನೆಗೆ ಗಾಜಿನ ಪಟ್ಟಿಯ ಮೇಲೆ ಚೂರು ಮಸಿ. ಎಷ್ಟೋ ಸಲ ಅದೂ ಇಲ್ಲ. ಎಡಗೈಯ ಎರಡು ಉಗುರನ್ನು ಆಮ್ಲ ತಿಂದಿದೆ.

ಈ ವರ್ಷದ ನಲವತ್ತೊಂದನೇ ಕಲ್ಲು ಮಾತ್ರ ದುಂಡು ಚುಕ್ಕೆಗಳನ್ನು ಕೊಟ್ಟಿತು. ಈ ಬೆಟ್ಟದ್ದೇ ಆದರೆ ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ ಜೀವ. ಸಸ್ಯವೋ ಪ್ರಾಣಿಯೋ ಮತ್ತೊಂದೋ, ಬಲ್ಲವರಿಲ್ಲ.

"ಕುಲ ಗೊತ್ತಿಲ್ದಿದ್ರೆ ಬೇಡ. ಊರಾದ್ರೂ ಗೊತ್ತಿರ್ಬೇಕಲ್ಲ?" ಎನ್ನುತ್ತಾರೆ ಲೊಮಸೊಂಟೊ.

ಊರು ತಪ್ಪಿಸಿದವರು ಕಲ್ಲು ಹೊರುವ ಮೈದುನ ಸಿಭೊನೊ. ಕಣಿವೆಯ ಕಲ್ಗುಪ್ಪೆಗೆ ಉಗುಳಿದ ಕಲ್ಲೊಂದನ್ನಿಟ್ಟು, ಹಿರಿಯರನ್ನು ನೆನೆಯದೆ ಇಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಅಂದು ದಾರಿಯ ಬಿಡಿಗಲ್ಲುಗಳನ್ನೆಲ್ಲ ಮಳೆ ಕೊಚ್ಚಿತ್ತು. ಅವರು ಪ್ರಯೋಗಾಲಯಕ್ಕೆ ಹೊತ್ತೊಯ್ಯುತ್ತಿದ್ದ ಚೀಲದ್ದೇ ಒಂದನ್ನಿಟ್ಟರು. ಆಮೇಲೆ ಚೀಲದಲ್ಲಿ ಒಂದು ಕಡಿಮೆಯಾಯಿತೆಂದು ಹೆದರಿ, ಗುಪ್ಪೆಯಿಂದ ಇನ್ನೊಂದನ್ನೆತ್ತಿ ಹಾಕಿಕೊಂಡರು. ಅದೇ ನಲವತ್ತೊಂದನೆಯದು. ಯಾವ ದಾರಿಹೋಕ ಎಲ್ಲಿಂದ ತಂದಿಟ್ಟಿದ್ದೋ!

"ಹಿರಿಯರಿಗೆ ಕೊಡ್ದೆ ಬರೋಕಾಗತ್ತಾ ಅತ್ಗೆ?"

"ಕೊಟ್ಟಿದ್ದು ಸರಿ ಕಣೋ. ವಾಪಸ್ ಚಿಲ್ರೆ ಯಾಕೆ ಇಸ್ಕೊಂಡೆ?"

ಮೂಲ ಬಂಡೆ ಸಿಗದಿದ್ದರೆ ತಿಂಗಳ ಕೊನೆಗೆ ಆ ಗಾಜಿನ ಪಟ್ಟಿ ಕಸಕ್ಕೆ. ಅಂದೇ ಲೊಮಸೊಂಟೊ ಅವರ ನಿವೃತ್ತಿ. ಉಳಿದಿರುವುದು ಒಂಬತ್ತು ದಿನ.

ಕಲ್ಗುಪ್ಪೆಯ ಬಳಿ ಇಬ್ಬರೂ ಬೇಯಿಸಿದ ಜೋಳದ ಕಾಳನ್ನು ನಿಂತೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಸಿಭೊನೊ ಪಿಸುಗುಡುತ್ತಾರೆ: "ಯಾವ್ದೋ ಒಂದು ಬಂಡೆ ಹೆಸ್ರು ಬರ್ದುಬಿಡಿ ಅತ್ಗೆ. ಯಾರು ಹತ್ತಿ ನೋಡ್ತಾರೆ?"

ಲೊಮಸೊಂಟೊ ಅರ್ಧ ಕಲ್ಲನ್ನು ಅಂಗೈಯಲ್ಲಿ ತಿರುಗಿಸುತ್ತಾರೆ. ಗುಪ್ಪೆಗಿಡುವರೇನೋ ಎನಿಸುತ್ತದೆ. ಮತ್ತೆ ಮಡಿಲಿಗೆ ಸೇರಿಸುತ್ತಾರೆ.

"ಯಾರೋ ಬೇಡ್ಕೊಂಡು ಇಟ್ಟಿದ್ದು ಇದು. ಅರ್ಧ ನಾನು ಕರಗಿಸ್ಬಿಟ್ಟಿದೀನಿ. ಇಪ್ಪತ್ತಾರು ವರ್ಷ ಒಂದು ಕಲ್ಲಿಗೂ ಸುಳ್ಳು ಊರು ಬರ್ದಿಲ್ಲ ಸಿಭೊನೊ. ಉಳಿದರ್ಧ ಇಲ್ಲಿ ತಂದಿಡೋ ದಿನ, ಎಲ್ಲಿಂದ ಬಂತು ಅಂತ ಹೇಳೇ ಇಡ್ತೀನಿ. ನಡಿ, ಬಿಸ್ಲು ಏರ್ತಿದೆ."